ಚಿತ್ರದಲ್ಲಿಲ್ಲದ ಶಾಲು

ಚಿತ್ರಶಾಲೆಯಲ್ಲಿ ಅವಳನ್ನು ಎಲ್ಲರೂ ಬಣ್ಣನೆ ಅಕ್ಕ ಅಂತಲೇ ಕರೆಯುವುದು. ಕಣ್ಣು ಕಾಣದವರು ಬಂದರೆ ಅವರ ಜೊತೆ ನಿಂತು, ಗೋಡೆಯ ಮೇಲಿನ ಚಿತ್ರದಲ್ಲಿ ಏನೇನಿದೆ ಎಂದು ಬಾಯಲ್ಲಿ ಹೇಳುವುದು ಅವಳ ಕೆಲಸ. ಸಂಜೆ ತರಗತಿಗೆ ಹೋಗಿ ಕಲಿತವಳು. ಕಲಿತದ್ದು ಸಾಕೋ ಸಾಲದೋ ಎಂಬ ಅಳುಕು ಇನ್ನೂ ಬಿಟ್ಟಿರಲಿಲ್ಲ. ಅದಕ್ಕೇ ಚಿತ್ರದಲ್ಲಿ ಬೆಕ್ಕಿದ್ದರೆ ಅದರ ಮೀಸೆ ಯಾವ ಕಡೆ ಬಾಗಿದೆ ಎನ್ನುವುದನ್ನೂ ಬಿಡುತ್ತಿರಲಿಲ್ಲ.

ಈ ಸಲದ ಪ್ರದರ್ಶನ ಪೂರ್ತಿ ಕಲ್ಪನೆಯ ಚಿತ್ರಗಳದ್ದು. ಮೀನಿನ ಬಾಲದ ಆನೆ, ಗಿಡದಲ್ಲಿ ಹಣ್ಣಿನ ಹಾಗೆ ನೇತುಬಿದ್ದ ಮನೆಗಳು, ಮಳೆಯನ್ನು ಮಡಚಿ ಪೆಟ್ಟಿಗೆಗೆ ತುಂಬುತ್ತಿರುವ ಅಗಸ. ಕೊನೆಯ ಕೋಣೆಯಲ್ಲಿ ರೆಕ್ಕೆಯ ಮುದುಕಿ. ಹೊಗೆಗೂಡಿನ ಮೇಲೆ ಕೂತು ಒದ್ದೆ ರೆಕ್ಕೆ ಒಣಗಿಸಿಕೊಳ್ಳುತ್ತಿದ್ದಾಳೆ. ಮೈಮೇಲೆ ಒಂದು ನೂಲೂ ಇಲ್ಲ.

ಆ ಚಿತ್ರಕ್ಕೆ ಹೇಳಬೇಕಾದ್ದನ್ನು ಅವಳು ಮನೆಯಲ್ಲೇ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಂಡಿದ್ದಳು. ಗಂಡ ಹಲ್ಲುಜ್ಜುತ್ತಾ ಬಾಗಿಲಿಗೆ ಬಂದು, "ಇದನ್ನೆಲ್ಲ ಹತ್ತು ಜನರ ಮುಂದೆ ಬಾಯಿಬಿಟ್ಟು ಹೇಳ್ತೀಯೇನೇ?" ಎಂದು ನಕ್ಕಿದ್ದ.

"ಕೆಲಸ ಕಣ್ರೀ," ಎಂದಿದ್ದಳು ಬಿಗಿಯಾಗಿ.

ಹೇಳುವ ಹೊತ್ತು ಬಂದಾಗ ಬಿಗಿಯೆಲ್ಲ ಇಳಿದುಹೋಯಿತು. ಪಕ್ಕದಲ್ಲಿ ಟೆಲಿಫೋನಮ್ಮ ಅವಳ ಮೊಣಕೈ ಹಿಡಿದು ನಿಂತಿದ್ದರು. ಟೆಲಿಫೋನ್ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಚಿಕ್ಕಂದಿನಲ್ಲೇ ಕಣ್ಣು ಹೋಗಿದ್ದರಿಂದ ಬಣ್ಣಗಳಲ್ಲಿ ನೀಲಿಯೊಂದೇ ಅವರಿಗೆ ನೆನಪಿದ್ದದ್ದು. ಹಿಂದೆ ಒಂದಿಷ್ಟು ಕಾಲೇಜು ಹುಡುಗರು ಮುದುಕಿಯನ್ನು ನೋಡಿ ಕಿಸಕ್ಕೆನ್ನುತ್ತಿದ್ದರು. ಮೇಲ್ವಿಚಾರಕರೂ ಅಲ್ಲೇ ಸುಳಿದಾಡುತ್ತಿದ್ದರು. ಮುಖ, ಕತ್ತು, ರೆಕ್ಕೆ ಎಲ್ಲ ಹೇಳಿದಳು. ಆಮೇಲೆ ಎದೆಯನ್ನು ಹೇಳುವ ಸರದಿ ಬಂತು. ಹಿಂದಿನ ಹುಡುಗರ ಕಡೆ ಒಮ್ಮೆ ತಿರುಗಿ ನೋಡಿದಳು.

"ಮೈತುಂಬ ನೀಲಿ ಶಾಲು ಹೊದ್ದಿದ್ದಾಳೆ," ಎಂದುಬಿಟ್ಟಳು.

"ನೀಲೀನಾ!" ಟೆಲಿಫೋನಮ್ಮನ ಮುಖ ಅರಳಿತು.

ಒಂದು ಶಾಲು ತಾನೇ, ಅದರಿಂದ ಯಾರ ಗಂಟು ಹೋಗುತ್ತೆ, ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮಾರನೆಯ ದಿನವೂ ಹೇಳಿಕೊಳ್ಳಬೇಕಾಯಿತು.

ಮುಂದಿನ ಭಾನುವಾರ ಟೆಲಿಫೋನಮ್ಮ ಮತ್ತೆ ಬಂದರು. ಜೊತೆಗೆ ತಂಗಿ. ಟೆಲಿಫೋನಮ್ಮನ ಹೆಗಲ ಮೇಲೆ ಹೊಸ ನೀಲಿ ಶಾಲು.

"ನಮ್ಮಕ್ಕ ಊರಲ್ಲಿರೋ ಅಂಗಡಿನೆಲ್ಲ ಸುತ್ತಿಸಿದ್ಲು ಕಣ್ರೀ," ಎಂದಳು ತಂಗಿ. "ಆ ಮುದುಕಿ ಹೊದ್ದಿರೋ ನೀಲಿನೇ ಬೇಕಂತೆ! ಅಂಗಡಿಯವನ ಪ್ರಾಣ ತಿಂದ್ಲು. ಆ ಮುದುಕೀನ ನಾನೆಲ್ಲಿ ನೋಡಿದ್ದೆ?"

ಬಣ್ಣನೆ ಅಕ್ಕನಿಗೆ ಕಿವಿಯವರೆಗೂ ಬಿಸಿಯೇರಿತು. ಈಗಲೇ ಹೇಳಿಬಿಡಬೇಕು. ಆನೆಯ ಮುಂದೆ ಹೇಳೋಣ ಎಂದುಕೊಂಡಳು, ಆನೆ ಆಯಿತು. ಅಗಸನ ಮುಂದೆ ಹೇಳೋಣ ಎಂದುಕೊಂಡಳು. ಕೊನೆಯ ಕೋಣೆಗೆ ಇವತ್ತು ಬೀಗ ಅಂದುಬಿಟ್ಟರೆ? ಅಷ್ಟರಲ್ಲಿ ತಂಗಿ ಮುಂದಕ್ಕೆ ಹೋಗಿಯೇಬಿಟ್ಟಿದ್ದಳು. ಒಳಗಿನಿಂದ ಅವಳ ದನಿ ಬಂತು.

"ಅಕ್ಕಾ, ಇವಳ ಮೈಮೇಲೆ ಏನೂ ಇಲ್ವಲ್ಲೇ!"

"ಸರಿಯಾಗಿ ನೋಡೇ," ಎಂದರು ಟೆಲಿಫೋನಮ್ಮ. "ಬೇರೆ ಯಾವುದೋ ಚಿತ್ರದ ಮುಂದೆ ನಿಂತಿದ್ದೀಯ. ನಮ್ಮ ಬಣ್ಣನೆ ಅಕ್ಕ ಸುಮ್ಮಸುಮ್ಮನೆ ಹೇಳ್ತಾಳಾ?"

ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಶಾಲು ಇರಲಿಲ್ಲಮ್ಮ," ಎಂದಳು. "ನಾನೇ ಹೊದಿಸಿದ್ದು. ಹೇಳೋಕೆ ನಾಚಿಕೆಯಾಯ್ತು."

"ಯಾರಿಗೆ? ಆ ಮುದುಕಿಗಾ?"

"ನಂಗೆ."

ಮೊಣಕೈ ಹಿಡಿದಿದ್ದ ಕೈ ಸಡಿಲವಾಗಿ ಕೆಳಗಿಳಿಯಿತು.

"ಆನೆಗೆ ಮೀನಿನ ಬಾಲ ಅಂದೆ, ನಂಬಿದೆ. ಗಿಡದಲ್ಲಿ ಮನೆ ನೇತಾಡ್ತಿವೆ ಅಂದೆ, ಅದನ್ನೂ ನಂಬಿದೆ. ಬೇರೆ ಕಡೆ ಯಾರಾದ್ರೂ ಬುರುಡೆ ಬಿಟ್ರೆ ನಂಗೆ ಗೊತ್ತಾಗುತ್ತೆ ಕಣಮ್ಮ. ಇಲ್ಲಿ ಹೇಗೆ ಗೊತ್ತಾಗ್ಬೇಕು, ಹೇಳು? ಇನ್ನೂ ಯಾವ್ಯಾವುದಕ್ಕೆ ಏನೇನು ಹೊದಿಸಿದ್ದೀಯ?"

"ಬೇರೆ ಯಾವುದಕ್ಕೂ ಇಲ್ಲಮ್ಮ."

ಅದು ನಿಜವೇ ಆಗಿತ್ತು. ಆದರೆ ಅವಳ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು.

"ಹಾಗಾದ್ರೆ ಅದನ್ನ ಮತ್ತೆ ಹೇಳು."

ಇಬ್ಬರೂ ಒಳಗೆ ಹೋಗಿ ಮುದುಕಿಯ ಮುಂದೆ ನಿಂತರು. ಕೋಣೆಯ ತುಂಬ ಭಾನುವಾರದ ಜನ. ಅವಳು ಹೇಳಿದಳು. ಜೋತುಬಿದ್ದ ಮೊಲೆಗಳು, ಒಂದು ಇನ್ನೊಂದಕ್ಕಿಂತ ಕೊಂಚ ಕೆಳಗೆ. ಹೊಟ್ಟೆಯ ಮಡಿಕೆಗಳಲ್ಲಿ ಹೊಗೆಯ ಕಪ್ಪು. ತೊಡೆಯ ಮೇಲೆ ಅಂಟಿಕೊಂಡ ಒಂದು ಉದುರಿದ ಗರಿ. ಪ್ರತಿ ಮಾತಿಗೂ ಟೆಲಿಫೋನಮ್ಮ ತಂಗಿಯ ಕಡೆ ತಿರುಗಿ "ಹೌದೇನೇ?" ಎಂದು ಕೇಳಿದರು. ತಂಗಿ "ಹೌದಕ್ಕ" ಎಂದಳು. ಒಂದೊಂದು "ಹೌದೇನೇ"ಗೂ ಬಣ್ಣನೆ ಅಕ್ಕನ ತಲೆ ಇನ್ನಷ್ಟು ತಗ್ಗಿತು.

"ಮುಖ ಹೇಗಿದೆ? ನಾಚಿಕೊಂಡಿದ್ದಾಳಾ?"

"ಇಲ್ಲಮ್ಮ. ಬಿಸಿಲಿಗೆ ಮುಖ ಕೊಟ್ಟು ಹಾಯಾಗಿ ಕೂತಿದ್ದಾಳೆ."

"ಹೌದೇನೇ?"

"ಹೌದಕ್ಕ."

ಟೆಲಿಫೋನಮ್ಮ ಶಾಲು ತೆಗೆದು ಮಡಚಿ ತಂಗಿಯ ಕೈಗೆ ಕೊಟ್ಟರು. "ಸೆಖೆ," ಎಂದರು. "ನಡಿ, ಮೊದಲನೆಯದರಿಂದ ಶುರು ಮಾಡು."

ಮತ್ತೆ ಆನೆ. ಬಣ್ಣನೆ ಅಕ್ಕ ಸೊಂಡಿಲು ಹೇಳಿದಳು, ಕಿವಿ ಹೇಳಿದಳು. ತಂಗಿಗೆ ಕಾಲು ನೋವು ಬಂದಿತ್ತು, ಕೂರಲು ಬೆಂಚು ಎಲ್ಲಿದೆ ಎಂದು ಹುಡುಕುತ್ತಿದ್ದಳು.

"ಬಾಲದ ತುದೀಲಿ ಮೂರು ಹುರುಪೆ ಕಿತ್ತುಹೋಗಿದೆ," ಎಂದಳು ಬಣ್ಣನೆ ಅಕ್ಕ.

"ಹೌದೇನೇ?"

"ಹೂಂ, ಹೂಂ," ಎಂದಳು ತಂಗಿ ಬೆಂಚಿನ ಕಡೆ ನೋಡುತ್ತಾ.

"ನೋಡಿ ಹೇಳಿ," ಎಂದಳು ಬಣ್ಣನೆ ಅಕ್ಕ.