ಮೈತ್ರೇಯಿಯವರ ಫಿಯೆಟ್

ಎರಡು ತಿಂಗಳಿಂದ ಧಾರಿಣಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಇಪ್ಪತ್ತಮೂರರ ಹುಡುಗಿ, ನೊಯ್ಡಾದಲ್ಲಿ ಮೊದಲ ಕೆಲಸ, ಲೈಸೆನ್ಸ್ ಸಿಕ್ಕಿ ಆರೇ ತಿಂಗಳು. ಗಾಜಿಯಾಬಾದಿನ ಇಂದಿರಾಪುರಂನ ಹನ್ನೊಂದನೇ ಮಹಡಿಯ ಮನೆಯಲ್ಲಿ ಅಪ್ಪ ತಿಪ್ಪೇಸ್ವಾಮಿ ಮಗಳಿಗೆಂದು ಬಿಳಿಯ ಸಣ್ಣ ಕಾರು ಬುಕ್ ಮಾಡಿಯಾಗಿತ್ತು. ಗೇರು ಬದಲಿಸುವ ಗೋಜೂ ಇಲ್ಲದ್ದು. ಅವಳ ಮನಸ್ಸು ಮಾತ್ರ ಫರೀದಾಬಾದಿನ ಒಂದು ಅಂಗಳದಲ್ಲಿ ಮಾರಾಟಕ್ಕೆ ನಿಂತಿದ್ದ 1974ರ ಫಿಯೆಟ್ ಸುತ್ತಲೇ ಸುತ್ತುತ್ತಿತ್ತು.

"ಆಫೀಸಿಗೇ ಹೋಗಲಾಗದ ಕಾರು ಯಾಕಮ್ಮಾ?" ಸರ್ಕಾರಿ ಅಧಿಕಾರಿಯಾದ ಅಪ್ಪನಿಗೆ ನಿಯಮ ಬಾಯಿಪಾಠ. ಐವತ್ತು ದಾಟಿದ ಕಾರಿಗೆ ವಿಂಟೇಜ್ ನಂಬರ್ ಸಿಗುತ್ತದೆ, ಆದರೆ ರ್‍ಯಾಲಿ, ಪ್ರದರ್ಶನ, ರಿಪೇರಿಗಷ್ಟೇ ರಸ್ತೆಗಿಳಿಯಬೇಕು.

ಭಾನುವಾರ ಧಾರಿಣಿ ಒಬ್ಬಳೇ ಫರೀದಾಬಾದಿನ ಮೆಟ್ರೋ ಹತ್ತಿದಳು.

ಕಾರಿನ ಒಡತಿ ಮೈತ್ರೇಯಿ, ಮೈಸೂರಿನಿಂದ ಬಂದು ದೆಹಲಿಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಮೊಣಕಾಲು ಕ್ಲಚ್ ತುಳಿಯಲು ಒಪ್ಪದ ಕಾರಣ ಮಾರಲು ಹೊರಟಿದ್ದರು. ಬ್ರೇಕ್ ರಿಪೇರಿ ಮಾಡಿದ ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ನೋಡಿ ಎಂದಿದ್ದ. ಕೀಲಿ ಧಾರಿಣಿಯ ಕೈಗೆ ಬಂತು.

"ನೀನು ಕಲಿತ ಗಾಡಿ ಮುಂದಿನಿಂದ ಎಳೆಯುತ್ತೆ. ಇದು ಹಿಂದಿನಿಂದ ತಳ್ಳುತ್ತೆ. ತಿರುವಿನಲ್ಲಿ ಅವಸರ ಬೇಡ," ಎಂದರು ಪಕ್ಕದಲ್ಲಿ ಕೂತು.

ಮಳೆ ಆಗಷ್ಟೇ ನಿಂತಿತ್ತು. ಕಾರ್ಖಾನೆಗಳಿಗೆ ರಜೆ, ರಸ್ತೆ ಖಾಲಿ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಧಾರಿಣಿಗೆ ಧೈರ್ಯ ನೆತ್ತಿಗೇರಿತು. ವೃತ್ತ ಬಳಸುವಾಗ ಆಕ್ಸಿಲರೇಟರ್ ಒತ್ತಿದಳು. ಕಾರಿನ ಹಿಂಭಾಗ ಯಾರೋ ಎಳೆದಂತೆ ಪಕ್ಕಕ್ಕೆ ಜಾರಿತು. ಗಾಬರಿಯಿಂದ ಬ್ರೇಕ್ ತುಳಿದಳು. ಕಾರು ಅರ್ಧ ಸುತ್ತು ತಿರುಗಿ ಅಂಚುಗಲ್ಲಿಗೆ ಬಡಿದು ನಿಂತಿತು.

ಯಾರಿಗೂ ಏಟಾಗಲಿಲ್ಲ. ಮೈತ್ರೇಯಿ ಇಳಿದು, ಸೊಟ್ಟಗಾದ ಚಕ್ರದ ಅಂಚು ನೋಡಿದರು. "ಓಡುತ್ತೆ. ಹೆದರಿ ಬ್ರೇಕ್ ತುಳಿದೆ, ಅಷ್ಟೇ. ಇನ್ನೊಮ್ಮೆ ಇದೇ ತಿರುವು, ನಿಧಾನವಾಗಿ."

"ನನ್ನಿಂದಾಗಲ್ಲ ಆಂಟಿ, ಸಾರಿ," ಎಂದು ಧಾರಿಣಿ ಕೀಲಿ ಅವರ ಕೈಗಿಟ್ಟು, ಸಿಕ್ಕಿದ ಆಟೋ ಹತ್ತಿದಳು.

ಮನೆಯಲ್ಲಿ ಬಾಯಿ ಬಿಡಲಿಲ್ಲ. ಊಟ ಮಾಡುವಾಗ, ಮೀಟಿಂಗಿನಲ್ಲಿ, ಲಿಫ್ಟಿನಲ್ಲಿ, ಎಲ್ಲೆಂದರಲ್ಲಿ ಆ ತಿರುವೇ ನೆನಪಾಗುತ್ತಿತ್ತು. ಹತ್ತನೆಯ ದಿನ ಶೋರೂಮಿನಲ್ಲಿ ಬಿಳಿ ಕಾರು ಓಡಿಸಿ ನೋಡಿದಳು. ಎಲ್ಲ ಸುಸೂತ್ರ. ಇಳಿದವಳಿಗೆ ಅಳು ಬಂತು.

"ಏನಾಯ್ತೇ?" ಪಕ್ಕದಲ್ಲಿದ್ದ ಅಪ್ಪ ಕೇಳಿದಾಗ ಎಲ್ಲವನ್ನೂ ಹೇಳಿಬಿಟ್ಟಳು.

ತಿಪ್ಪೇಸ್ವಾಮಿ ಬೈಯುತ್ತಾರೆಂದುಕೊಂಡಿದ್ದಳು. ಅವರು ಹೇಳಿದರು: "ಹೆದರಿ ಬಿಟ್ಟರೆ ಬಿಡು. ಇಷ್ಟವಿಲ್ಲ ಅಂತ ಬಿಟ್ಟರೂ ಬಿಡು. ಯಾವುದಕ್ಕೆ ಬಿಟ್ಟೆ ಅಂತ ಗೊತ್ತಾಗದೆ ಮಾತ್ರ ಬಿಡಬೇಡ."

ಮರು ಭಾನುವಾರ ಅವರೇ ಜೊತೆಗೆ ಬಂದರು. ಮೆಕ್ಯಾನಿಕ್ ಅಂದೇ ಬಂದು ಕಾರು ಒಯ್ದು ಚಕ್ರ ಸರಿಮಾಡಿದ್ದ. ಮೈತ್ರೇಯಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದವರಂತೆ ಗೇಟಿನಲ್ಲೇ ನಿಂತಿದ್ದರು. ಅಪ್ಪ ಹಿಂದಿನ ಸೀಟಿನಲ್ಲಿ ಕಿಟಕಿಯ ಚೌಕಟ್ಟು ಬಿಗಿಯಾಗಿ ಹಿಡಿದು ಕೂತರು.

ಮೊದಲ ಸಲ ವೃತ್ತದ ಹತ್ತಿರ ಬಂದು ನಿಲ್ಲಿಸಿಯೇ ಬಿಟ್ಟಳು. ಹಿಂದಿದ್ದ ಟೆಂಪೋದವನು ಹಾರ್ನ್ ಬಾರಿಸಿ ಬೈದುಕೊಂಡು ಹೋದ. ಎರಡನೇ ಸಲ ತೆವಳುತ್ತಾ ದಾಟಿದಳು. ಮೂರನೇ ಸಲ ವೇಗ ತಗ್ಗಿಸಿ ಒಳಹೊಕ್ಕು, ತಿರುವು ಮುಗಿಯುವಾಗ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದಳು. ಹಿಂದಿನ ಚಕ್ರಗಳು ಬೆನ್ನಿಗೆ ಕೈಯಿಟ್ಟು ನೂಕಿದ ಹಾಗೆ ಕಾರು ಮುಂದೆ ಸರಿಯಿತು. ಧಾರಿಣಿ ಜೋರಾಗಿ ನಕ್ಕಳು.

"ಚಲೋ, ಸಾಕು ಇಳಿ," ಎಂದರು ತಿಪ್ಪೇಸ್ವಾಮಿ, ಬೆವರೊರೆಸಿಕೊಳ್ಳುತ್ತಾ.

ಬಿಳಿ ಕಾರಿನ ಬುಕಿಂಗ್ ರದ್ದಾಯಿತು. ಫಿಯೆಟ್‌ನ ಕಾಗದಪತ್ರ ಧಾರಿಣಿಯ ಹೆಸರಿಗೆ ಬದಲಾಗಿ ಗಾಜಿಯಾಬಾದಿಗೆ ಬರಲು ಮೂರು ತಿಂಗಳು ಹಿಡಿಯಿತು. ಧಾರಿಣಿ ಈಗಲೂ ಆಫೀಸಿಗೆ ಮೆಟ್ರೋದಲ್ಲೇ ಹೋಗುತ್ತಾಳೆ, ಫೆಬ್ರವರಿಯ ರ್‍ಯಾಲಿಗೆ ದಿನ ಎಣಿಸುತ್ತಾಳೆ. ಕೂತಲ್ಲಿ ಕೂರುವುದು ಅವಳಿಗೆ ಇನ್ನೂ ಬಂದಿಲ್ಲ.