ಗೋಡೆಯ ಮೇಲಿನ ಫಾರ್ಮಸಿಸ್ಟು

ಶಿರಗುಪ್ಪಿಯ ಬಸ್ ಸ್ಟ್ಯಾಂಡಿನೆದುರು ಬಾಪುಸಾಹೇಬರ ಮೆಡಿಕಲ್ ಅಂಗಡಿ. ಅಲ್ಲಿ ಪ್ರಾಜಕ್ತಾ ನಾಲ್ಕು ವರ್ಷ ಒಂದು ದಿನವೂ ರಜೆ ಹಾಕದೆ ಕೆಲಸ ಮಾಡಿದ್ದಳು, ಗೋಡೆಯ ಮೇಲೆ. ಗಣಪತಿ ಫೋಟೋದ ಪಕ್ಕ, ಗಾಜಿನ ಚೌಕಟ್ಟಿನೊಳಗೆ ಅವಳ ಫಾರ್ಮಸಿ ಸರ್ಟಿಫಿಕೇಟು ಮೊಳೆಗೆ ನೇತಾಡುತ್ತಿತ್ತು. ಗಣಪತಿಗೆ ಹಚ್ಚಿದ ಊದಿನಕಡ್ಡಿಯ ಹೊಗೆ ಅದಕ್ಕೂ ಸಿಗುತ್ತಿತ್ತು. ಅವಳು ಮಾತ್ರ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

ನಿಪ್ಪಾಣಿಯಲ್ಲಿ ಡಿ.ಫಾರ್ಮ್ ಓದಿದ ಹುಡುಗಿಯನ್ನೇ ಹುಡುಕಿ ತಂದವರು ಬಾಪುಸಾಹೇಬ, ಅವಳ ಗಂಡ ದುಂಡೇಶನ ಸೋದರಮಾವ. ಸರ್ಟಿಫಿಕೇಟಿಲ್ಲದೆ ಅಂಗಡಿಗೆ ಲೈಸೆನ್ಸಿಲ್ಲ. ಮದುವೆಯ ಮಾತುಕತೆಯಲ್ಲಿ ಬಂಗಾರಕ್ಕಿಂತ ಮೊದಲು ಅದೇ ಬಂತು. "ಹುಡುಗಿ ಮನ್ಯಾಗ ಇರ್ಲಿ, ಕಾಗದ ಅಂಗಡ್ಯಾಗ ಇರ್ಲಿ" ಎಂದು ಬಾಪುಸಾಹೇಬರು ಅಂದಾಗ ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಆ ನಗೆ ನೆನಪಾದರೆ ಈಗ ಹಲ್ಲು ಕಡಿಯುವಂತಾಗುತ್ತಿತ್ತು.

ಎರಡು ಸಾವಿರದ ಹದಿಮೂರರ ಫೆಬ್ರವರಿ. ಕಬ್ಬಿನ ಕಟಾವು ಜೋರಾಗಿತ್ತು. ಕಬ್ಬು ಕಡಿಯುವ ಹಾಲಸಿದ್ದನ ತಾಯಿ ಚನ್ನವ್ವ ಪ್ರಾಜಕ್ತಾಳ ಮನೆ ಬಾಗಿಲಿಗೆ ಬಂದು ನಿಂತಳು. ಮುಖ ಪೂರಿಯಂತೆ ಬಾತು, ಕಣ್ಣು ಗೀಟಾಗಿದ್ದವು. ಕೈಯಲ್ಲೊಂದು ಕಾಗದದ ಪೊಟ್ಟಣ. ಅದರಲ್ಲಿ ಮೂರು ಬಿಡಿ ಗುಳಿಗೆ: ಕೆಂಪು, ಹಳದಿ, ಸಣ್ಣದೊಂದು ಬಿಳಿ.

ಆ ಸೀಮೆಯಲ್ಲಿ ಇದಕ್ಕೆ ಡೋಸು ಅನ್ನುತ್ತಾರೆ. ಮೈಕೈ ನೋವೇ? ಡೋಸು. ಜ್ವರವೇ? ಡೋಸು. ಚಹಾ ಕೇಳಿದಷ್ಟೇ ಸಲೀಸು. ಸ್ಟ್ರಿಪ್ಪಿನ ಹಾಳೆಯಿಂದ ಕತ್ತರಿಸಿ ಸುಲಿದ ಗುಳಿಗೆಗೆ ಹೆಸರೂ ಇಲ್ಲ, ತಾರೀಖೂ ಇಲ್ಲ. ಆದರೆ ಇಂಥ ಪೊಟ್ಟಣದಲ್ಲಿ ಸಣ್ಣ ಬಿಳಿಯದು ಏನಿರುತ್ತದೆಂದು ಪ್ರಾಜಕ್ತಾಳಿಗೆ ಗೊತ್ತಿತ್ತು: ಸ್ಟೆರಾಯ್ಡ್.

"ಎಷ್ಟ ದಿನಾ ತಗೊಂಡಿ ಆಯಿ?"

"ದೀಪಾವಳಿಯಿಂದ. ಮೊಣಕಾಲ ನೋವ ಹೋಗಿ ಹುಡಿಗ್ಯಾರಂಗ ಓಡ್ಯಾಡಾಕತ್ತಿದ್ದೆ. ಈಗ ಮಿರಜ ಡಾಕ್ಟರು ಶುಗರ್ ನಾಕನೂರ ಐತಿ ಅಂದ್ರು. 'ಇದನ್ನ ಕೊಟ್ಟಾಕಿ ಯಾರು?' ಅಂತ ಬೈದ್ರು."

"ಕೊಟ್ಟಾಕಿ?"

ಚನ್ನವ್ವ ಪೊಟ್ಟಣ ತಿರುವಿದಳು. ಅಂಗಡಿಯ ಹೆಸರಿನ ಕೆಳಗೆ ನೀಲಿ ಶಾಯಿಯಲ್ಲಿ ಒತ್ತಿದ ಶಿಕ್ಕಾ: ಪ್ರಾಜಕ್ತಾ ದುಂಡೇಶ ಮಗದುಮ್, ರಿಜಿಸ್ಟರ್ಡ್ ಫಾರ್ಮಸಿಸ್ಟ್.

"ನಾ ಕೊಟ್ಟಿಲ್ಲ ಆಯಿ."

"ಹೆಸರ ನಿಂದಲ್ಲೇನ? ನನಗ ಓದಾಕ ಬರೂದಿಲ್ಲ, ಡಾಕ್ಟರಿಗೆ ಬರ್ತೈತಲ್ಲ. ಆ ಬಾಪುಸಾಬನ್ನ ನಂಬಿ ತಿಂದಿಲ್ಲಬೇ ನಾ. ಅವನ ಮನ್ಯಾಗ ಕಲತ ಸೊಸಿ ಅದಾಳ ಅಂತ ತಿಂದೆ!"

ಪೊಟ್ಟಣ ಹೊಸ್ತಿಲ ಮೇಲೆ ಬಿಸುಟು ಹೋದಳು. ಆ ದಿನ ಪ್ರಾಜಕ್ತಾ ಬಡಿದ ರೊಟ್ಟಿಯ ಸಪ್ಪಳ ಇಡೀ ಓಣಿಗೆ ಕೇಳಿಸಿತು.

ಮರುದಿನ ಬೆಳಿಗ್ಗೆಯೇ ಬಾಪುಸಾಹೇಬರ ಫೋನು. ಸೊಸೆಯನ್ನು ಅವರು ಕರೆಯುವುದು ಮರಾಠಿಯಲ್ಲೇ: "ಸೂನಬಾಯಿ, ಡ್ರಗ್ ಇನ್ಸ್‌ಪೆಕ್ಟರ್ ಸಾಹೇಬ್ರು ಕಾಗವಾಡಕ್ಕ ಬಂದಾರಂತ. ಬಿಳೀ ಕೋಟ ಹಾಕ್ಕೊಂಡ ಬಾರವ್ವ, ಎರಡ ತಾಸ ಕುಂತರ ಸಾಕು." ವರ್ಷಕ್ಕೊಮ್ಮೆ ಬರುವ ಕರೆ. ಒಂದು ಅಂಗಡಿಗೆ ಸಾಹೇಬರು ಬಂದರೆ ಮುಂದಿನ ಊರಿನ ಗೋಡೆಗಳಿಂದೆಲ್ಲ ಫಾರ್ಮಸಿಸ್ಟರು ಇಳಿದು ಬರುತ್ತಿದ್ದರು.

ಪ್ರಾಜಕ್ತಾ ಕೋಟು ಹಾಕಿಕೊಂಡು ಹೋದಳು. ಬಾಪುಸಾಹೇಬರು ಗಿರಾಕಿ ಅಪ್ಪಾಸಾಬನಿಗೆ ಡೋಸು ಕಟ್ಟಲು ಕತ್ತರಿ ಎತ್ತಿದ್ದರು. ಅವಳು ಕತ್ತರಿಯನ್ನೇ ಹಿಡಿದಳು.

"ಮಾಮಾ, ಚನ್ನವ್ವಾಯಿಗೆ ಬಿಳೀ ಗುಳಿಗಿ ಯಾಕ ಕೊಟ್ರಿ?"

"ಕೇಳಿದಳು, ಕೊಟ್ಟೆ. ನೋವ ಹೋತಿಲ್ಲೋ? ನೀ ಪುಸ್ತಕ ಓದೀದಿ, ನಾ ಮಂದೀನ್ನ ಓದೇನಿ."

"ಹಂಗಾರ ನಿಮ್ಮ ಹೆಸರಿನ ಶಿಕ್ಕಾ ಹೊಡೀರಿ. ನಂದ್ಯಾಕ?"

"ಗ್ವಾಡಿ ಮ್ಯಾಲಿನ ದೇವರಿಗೆ ಬಾಯಿ ಇರಬಾರ್ದು ಸೂನಬಾಯಿ. ಸಾಹೇಬ್ರು ಬರೂ ಹೊತ್ತಾತು, ಕುಂದ್ರು."

ಅವಳು ಕುಳಿತಳು. ಸಾಹೇಬರು ಬಂದರು. ಮುಂದೆ ಕಬ್ಬಿನ ಹಾಲು ಬಂತು. ಆಮೇಲೆ ಪ್ರತಿ ವರ್ಷದ ಆ ಪ್ರಶ್ನೆ: "ನೀವೇನಾ ಫಾರ್ಮಸಿಸ್ಟು? ದಿನಾ ಬರ್ತೀರಾ?"

ಮೂರು ವರ್ಷ "ಹೌದ್ರಿ ಸರ್" ಅಂದಿದ್ದಳು. ಈಗಲೂ ಅಂದರೆ ಹೆಸರು ಗೋಡೆಯ ಮೇಲೆ ಉಳಿಯುತ್ತದೆ, ಚನ್ನವ್ವನಂಥವರ ಪೊಟ್ಟಣದ ಮೇಲೂ. ಇಲ್ಲವೆಂದರೆ ರಿಜಿಸ್ಟರಿನಿಂದಲೇ ಅಳಿಸಿಹೋದೀತು.

"ಇಲ್ರಿ ಸರ್. ವರ್ಷಕ್ಕೊಂದ ದಿನ. ನೀವು ಬರೂ ದಿನ."

ಬಾಪುಸಾಹೇಬರು ಕೆಮ್ಮಿದರು. "ಹುಡುಗಿ ಚ್ಯಾಷ್ಟಿ ಮಾಡಾಕತ್ತಾಳ್ರಿ."

"ಹಾಗಾದ್ರೆ ಉಳಿದ ದಿನ ಔಷಧಿ ಹೇಗೆ ಕೊಡ್ತಾರೆ?"

ಪ್ರಾಜಕ್ತಾ ಎದ್ದಳು. ಹೊಟ್ಟೆ ಮುಂದೆ ಮಾಡಿ, ಕನ್ನಡಕ ಮೂಗಿನ ತುದಿಗಿದ್ದವರಂತೆ ಗದ್ದ ಎತ್ತಿ, ಬಾಪುಸಾಹೇಬರ ಗೊಗ್ಗರು ದನಿಯಲ್ಲೇ ಅಂದಳು: "ಏನ ಆಗೇತಿ ಮಾವಾ? ಸೊಂಟೇನ? ಒಂದ ಡೋಸ ತಗೋ. ಕೆಂಪೂದು ನೋವಿಗೆ, ಹಳದೀದು ಹೊಟ್ಟಿಗೆ, ಬಿಳೀದು... ಬಿಳೀದ ಕೇಳಬ್ಯಾಡ, ನಾಳಿ ಎತ್ತಿನಂಗ ದುಡೀತಿ!" ಕತ್ತರಿಯನ್ನು ಗಾಳಿಯಲ್ಲಿ ಕಚಕಚ ಆಡಿಸಿದಳು.

ಅಪ್ಪಾಸಾಬ ಕಿಸಕ್ಕನೆ ನಕ್ಕ. ಆಮೇಲೆ ತನ್ನ ಸೊಂಟ ಮುಟ್ಟಿಕೊಂಡ.

ಸಾಹೇಬರು ಗ್ಲಾಸು ದೂರ ಸರಿಸಿದರು. "ಇದನ್ನ ಬರೆದುಕೊಟ್ರೆ ಅಂಗಡಿ ಬಾಗಿಲು ಹಾಕಿಸ್ತೀನಿ. ನಿಮ್ಮ ಮೇಲೂ ಕ್ರಮ ಆಗುತ್ತಮ್ಮ."

"ಆಗ್ಲಿ ಬಿಡ್ರಿ. ಹೆಸರ ಕೊಟ್ಟಾಕಿ ನಾನ."

ಎರಡು ಪುಟ ಬರೆದಳು. ಪೆನ್ನು ಕಾಗದ ಹರಿಯುವಂತೆ ಒತ್ತಿತ್ತು.

"ನಿನ್ನ ಕಾಲಮ್ಯಾಲ ನೀನ ಕಲ್ಲ ಹಾಕ್ಕೊಂಡಿ," ಬಾಪುಸಾಹೇಬರು ಹಲ್ಲು ಕಚ್ಚಿ ಅಂದರು.

"ಹಾಕ್ಕೊಂಡು ನಾಕ ವರ್ಷ ಆತ್ರಿ ಮಾಮಾ. ನೋವ ಈಗ ಗೊತ್ತಾತು."

ಸ್ಟೂಲು ಹತ್ತಿ ಚೌಕಟ್ಟು ಇಳಿಸಿ, ಬಗಲಲ್ಲಿಟ್ಟುಕೊಂಡು ನೇರ ಚನ್ನವ್ವನ ಮನೆಗೆ ನಡೆದಳು.

"ಈಗ ಯಾವ ಬಣ್ಣದ್ದ ಕೊಡಾಕ ಬಂದಿ?" ಚನ್ನವ್ವ ಒಳಗಿಂದಲೇ ಗದರಿದಳು.

"ಡಾಕ್ಟರ ಚೀಟಿ ತೋರಸ ಆಯಿ. ಗುಳಿಗಿ ಎಲ್ಲಿ?"

"ತಿಪ್ಪಿಗಿ ಒಗದೇನಿ. ಆ ಡಾಕ್ಟರೂ ಅದ ಬಿಳೀದ ಕೊಟ್ಟಾರ. ಎಲ್ಲಾರೂ ಕಳ್ಳರ!"

ಪ್ರಾಜಕ್ತಾ ಚೀಟಿ ಇಸಿದುಕೊಂಡು ಓದಿದಳು. ಇಷ್ಟು ದಿನ ತಿಂದದ್ದನ್ನು ಒಮ್ಮೆಲೆ ಬಿಟ್ಟರೂ ಜೀವಕ್ಕೆ ಅಪಾಯ. ವಾರದಿಂದ ವಾರಕ್ಕೆ ಇಳಿಸುತ್ತ ಬಿಡಬೇಕೆಂದು ಡಾಕ್ಟರು ಚೀಟಿಯಲ್ಲಿ ಬರೆದಿದ್ದರು. ಓದಿ ಹೇಳುವವರು ಮಾತ್ರ ಯಾರೂ ಇರಲಿಲ್ಲ. ಓದು ಬಲ್ಲವಳು ಗೋಡೆಗೆ ನೇತಾಡುತ್ತಿದ್ದಳು.

ಸೀರೆ ಸೆರಗು ಸಿಕ್ಕಿಸಿ ತಿಪ್ಪೆ ಕೆದಕಿದಳು. ಗುಳಿಗೆಯ ಹಾಳೆ ಮುರಿಯದೆ ಸಿಕ್ಕಿತು. ಒರೆಸಿ, ಪೆನ್ನಿನಿಂದ ಹಿಂಬದಿಗೆ ಗೀರು ಎಳೆಯುತ್ತ ಹೇಳಿದಳು: "ಈ ವಾರ ಮುಂಜಾನೆ ಇಡೀದು. ಬರೂ ವಾರ ಅರ್ಧಾ. ದಿನಾ ನಾ ಬಂದ ನೋಡ್ತೀನಿ. ಬೈಯೂದಿದ್ರ ಆಗ ಬೈ."

ಸಿಟ್ಟು ಇಬ್ಬರದೂ ಇಳಿದಿರಲಿಲ್ಲ. ಚನ್ನವ್ವ ಬಾತ ಕಣ್ಣಿಂದ ಚೌಕಟ್ಟನ್ನೂ, ಗೊಬ್ಬರ ಮೆತ್ತಿದ ಆ ಕೈಗಳನ್ನೂ ನೋಡಿದಳು.

"ಆ ಕಾಗದ ಅಲ್ಲೆ ಮೂಲ್ಯಾಗ ಇಡು," ಅಂದಳು. "ಕೈ ತೊಳಕೊಂಡ ನೀ ಇಲ್ಲಿ ಕುಂದ್ರು. ಇನ್ನೊಮ್ಮಿ ಹೇಳು."