ಎಂಟು ಗಂಟೆ, ಎಂಬತ್ತು ಕಿಲೋಮೀಟರು

“ಅದ್ಯಾರು ಹಾಗೆ ಹಾರ್ನ್ ಹೊಡೀತಿರೋದು?”

ಲೀಲಮ್ಮ ಕೇಳಿದ್ದು ಯಾರನ್ನೂ ಅಲ್ಲ. ಗಂಡನ ಹಣೆಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದ ಅವರ ಕೈ ಹಾಗೆಯೇ ನಿಂತಿತು. ಮೂರು ಮಹಡಿ ಕೆಳಗೆ, ಸೊಸೈಟಿಯ ಗೇಟಿನಲ್ಲಿ, ಆ ಸದ್ದು ಮತ್ತೆ ಬಂತು. ಈ ಸಲ ಉದ್ದಕ್ಕೆ.

ಸೋಫಾಗಳನ್ನು ಬಾಲ್ಕನಿಗೆ ನೂಕಿ ತೆರವು ಮಾಡಿದ ಜಾಗದಲ್ಲಿ ಅಶ್ವತ್ಥನಾರಾಯಣರು ದಕ್ಷಿಣಕ್ಕೆ ತಲೆಯಿಟ್ಟು ಮಲಗಿದ್ದರು. ಹಿಂದಿನ ಸಂಜೆ ಎದೆ ಹಿಡಿದುಕೊಂಡಿದೆಯೆಂದು ಆಸ್ಪತ್ರೆಗೆ ಹೋದವರು ಬೆಳಗಾಗುವಷ್ಟರಲ್ಲಿ ಹೀಗೆ ಮನೆಗೆ ಮರಳಿದ್ದರು. ಫ್ಯಾನಿನ ಗಾಳಿಗೆ ಹೊದಿಸಿದ ಪಂಚೆಯ ಅಂಚು ಆಗಾಗ ಏಳುತ್ತಿತ್ತು. ಇನ್ನೇನು ಎದ್ದು ಹೊರಟೇಬಿಡುತ್ತಾರೆ ಎನ್ನುವ ಹಾಗೆ.

“ವ್ಯಾನ್ ಬಂದಿದೆ ಅಮ್ಮ,” ಮಗ ದಿಲೀಪ ಬಾಗಿಲಲ್ಲೇ ನಿಂತು ಹೇಳಿದ. ಗ್ರೇಟರ್ ನೋಯ್ಡಾದಿಂದ ದಿಲ್ಲಿಯ ಈ ತುದಿಯ ದ್ವಾರಕಾವರೆಗೆ ಕಾರು ಓಡಿಸಿಕೊಂಡು ಬಂದವನು ಇನ್ನೂ ಒಂದು ಕಡೆ ಕೂತಿರಲಿಲ್ಲ. “ಸ್ಮಶಾನದಲ್ಲಿ ಹನ್ನೊಂದಕ್ಕೆ ಸ್ಲಾಟ್ ಕೊಟ್ಟಿದ್ದಾರೆ. ತಪ್ಪಿದ್ರೆ ಸಂಜೇನೇ. ಚಲೋ, ಎಲ್ಲ ಬೇಗ ಬೇಗ ದರ್ಶನ ಮಾಡ್ಕೊಳ್ಳಿ.”

ಹೇಳುತ್ತ ಮಣಿಕಟ್ಟು ನೋಡಿಕೊಂಡ. ಕಟ್ಟಿಕೊಂಡಿದ್ದದ್ದು ಅಪ್ಪನ ವಾಚು. ಆಸ್ಪತ್ರೆಯವರು ಬಿಚ್ಚಿ ಕೊಟ್ಟಾಗ ಎಲ್ಲಾದರೂ ಕಳೆದೀತೆಂದು ತನ್ನ ಕೈಗೇ ಹಾಕಿಕೊಂಡಿದ್ದ. ಮಣಿಕಟ್ಟನ್ನು ಒಂದಿಷ್ಟು ಹೊರಳಿಸಿ, ಹುಬ್ಬು ಎತ್ತಿ ನೋಡುವ ಆ ರೀತಿ ಕೂಡ ಅಪ್ಪನದೇ.

ಗೋಡೆಗೊರಗಿ ಕೂತಿದ್ದ ಮಹಂತೇಶ್ ಮೂಗು ಒರೆಸಿಕೊಂಡರು. ಅಶ್ವತ್ಥನಾರಾಯಣರ ಜೊತೆ ಒಂದೇ ಸೆಕ್ಷನ್ನಿನಲ್ಲಿ ದುಡಿದವರು, ಧಾರವಾಡದ ಕಡೆಯವರು. “ಗಾಬರಿ ಆಗಬ್ಯಾಡ ದಿಲೀಪ. ನಿಮ್ಮಪ್ಪ ಜನ್ಮದಾಗ ಆಫೀಸಿನ ಚಾರ್ಟರ್ಡ್ ಬಸ್ ತಪ್ಪಿಸ್ಕೊಂಡಾಂವ ಅಲ್ಲ. ನಮಗೇ ಬಸ್ಸಿನ ಬಾಗಲಾ ಹಿಡದು ನಿಂತು ಬೈತಿದ್ದ. ಇದನ್ನೂ ತಪ್ಪಿಸ್ಕೊಳ್ಳಂಗಿಲ್ಲ.”

ಯಾರೋ ಸಣ್ಣಗೆ ನಕ್ಕರು. ನಕ್ಕದ್ದಕ್ಕೆ ತಾವೇ ಕೆಮ್ಮಿದರು. ಕೆಳಗೆ ಮತ್ತೆ ಹಾರ್ನ್.

“ದಿಲೀಪ, ಹಾರ್ನ್ ಹೊಡೀಬೇಡ ಅಂತ ಹೇಳು ಅವನಿಗೆ.”

“ಅಮ್ಮ, ಗೇಟ್ ಬ್ಲಾಕ್ ಆಗಿದೆ, ಅದಕ್ಕೆ ಅವನು...”

“ಏನೇ ಆಗಿರಲಿ. ಮೊದಲು ಅದನ್ನ ನಿಲ್ಲಿಸು. ನಾನು ಆಮೇಲೆ ಏಳ್ತೀನಿ.”

ದಿಲೀಪನ ಮಗಳು ಅನನ್ಯಾ, ಕಾಲೇಜಿನ ಹುಡುಗಿ, ಅಜ್ಜಿಯ ಮುಖ ನೋಡಿದವಳೇ ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದಳು. “ಭಯ್ಯಾ, ಹಾರ್ನ್ ಮತ್ ಬಜಾಯಿಯೇ” ಎಂದು ಅವಳು ಕೂಗಿದ್ದು ಮೇಲಿನವರೆಗೂ ಕೇಳಿಸಿತು. ಸದ್ದು ನಿಂತಿತು.

ಲೀಲಮ್ಮ ಬಟ್ಟೆಯನ್ನು ಮತ್ತೊಮ್ಮೆ ನೀರಿಗದ್ದಿ ಹಿಂಡಿದರು. ಹಣೆ, ಕಣ್ಣಿನ ಮೂಲೆ, ಕಿವಿಯ ಹಿಂದೆ ನಿಧಾನವಾಗಿ ಒರೆಸಿದರು. ಎಡಗೈಯ ಮಣಿಕಟ್ಟಿನಲ್ಲಿ ವಾಚಿನ ಪಟ್ಟಿ ಇದ್ದಷ್ಟು ಅಗಲಕ್ಕೆ ಚರ್ಮ ಬೆಳ್ಳಗಿತ್ತು. ಅದರ ಮೇಲೂ ಬಟ್ಟೆ ಎಳೆದರು. ಅದು ಹೋಗಲಿಲ್ಲ.

*

ಅಶ್ವತ್ಥನಾರಾಯಣರು ಇನ್ನೂ ನೌಕರಿಯಲ್ಲಿದ್ದ ಕಾಲ. ಎಲ್‌ಟಿಸಿ ಎಂದು ಸರ್ಕಾರ ತನ್ನ ಖರ್ಚಿನಲ್ಲಿ ಕಳಿಸುವ ಪ್ರವಾಸಕ್ಕೆ ಅಂಡಮಾನಿಗೆ ವಿಮಾನದಲ್ಲೇ ಹೋಗಬಹುದೆಂದು ಆದೇಶ ಬಂದದ್ದೇ ತಡ, ಇಡೀ ಸೆಕ್ಷನ್ನು ಸರದಿಯ ಮೇಲೆ ದ್ವೀಪ ನೋಡಿ ಬಂತು. ಇವರ ಸರದಿಯೂ ಬಂತು.

ಲೀಲಮ್ಮ ಅದುವರೆಗೆ ಸಮುದ್ರ ಕಂಡವರಲ್ಲ. ಚಿತ್ರದುರ್ಗದ ಬಂಡೆಗಳ ನಡುವೆ ಬೆಳೆದವರು. ಅವರ ತಂದೆ ಸಂಜೆ ದೇವರ ದೀಪ ಹಚ್ಚಿದ ಮೇಲೆ ಕಾವ್ಯ ವಾಚಿಸುತ್ತಿದ್ದರು. ಯುದ್ಧದ ಪದ್ಯಗಳನ್ನು ಗುಡುಗಿಸುತ್ತಿದ್ದವರು, ಕಡಲಿನ ವರ್ಣನೆ ಬಂದರೆ ದನಿ ತಗ್ಗಿಸಿ ಒಂದೊಂದೇ ಪದವನ್ನು ಎಳೆದೆಳೆದು ಹಾಡುತ್ತಿದ್ದರು. ಕಡಲಿನ ಎದುರು ಅವಸರ ಮಾಡಬಾರದೆಂಬ ಮಾತು ಯಾರೂ ಹೇಳದೆಯೇ ಆ ಹುಡುಗಿಯ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಪೋರ್ಟ್ ಬ್ಲೇರಿನಲ್ಲಿ ಅಶ್ವತ್ಥನಾರಾಯಣರು ಒಂದು ದಿನಕ್ಕೆ ಕಾರು, ಡ್ರೈವರು ಗೊತ್ತು ಮಾಡಿದರು. ಅಲ್ಲಿಯ ರೂಢಿ ಬೇರೆ ಇದ್ದರೂ ಕೇಳದೆ, ದಿಲ್ಲಿ ಟ್ಯಾಕ್ಸಿಯ ಲೆಕ್ಕದಲ್ಲೇ ಒಪ್ಪಿಸಿದರು: ಎಂಟು ಗಂಟೆ, ಎಂಬತ್ತು ಕಿಲೋಮೀಟರು. ಅದಕ್ಕಿಂತ ಒಂದು ನಿಮಿಷ ಮೇಲಾಗಬಾರದು. ಜೈಲು ನೋಡಿದ್ದಾಯಿತು. ಮ್ಯೂಸಿಯಂ ನೋಡಿದ್ದಾಯಿತು. ಮರ ಕೊಯ್ಯುವ ಹಳೆಯ ಮಿಲ್ಲು ನೋಡಿದ್ದಾಯಿತು. ಎಲ್ಲೆಡೆಯೂ ಅವರು ಮಣಿಕಟ್ಟು ಹೊರಳಿಸಿ, “ಚಲೋ, ನೆಕ್ಸ್ಟ್ ಪಾಯಿಂಟ್” ಎನ್ನುತ್ತಿದ್ದರು.

ಕಡಲಿನ ದಂಡೆಯೂ ಒಂದು ಪಾಯಿಂಟ್ ಆಗಿತ್ತು. ತೆಂಗಿನ ಮರದ ಕೆಳಗೆ ಲೀಲಮ್ಮ ಚಪ್ಪಲಿ ಬಿಟ್ಟು, ಸೀರೆಯನ್ನು ತುಸು ಎತ್ತಿ ಹಿಡಿದು ನೀರಿಗೆ ಹೆಜ್ಜೆಯಿಟ್ಟರು. ಅಲೆ ಬಂದು ಪಾದದ ಕೆಳಗಿನ ಮರಳನ್ನು ಮೆಲ್ಲಗೆ ಎಳೆದುಕೊಂಡು ಹೋಯಿತು. ಮೈ ಜುಮ್ಮೆಂದಿತು. ಇನ್ನೊಂದು ಅಲೆ ಬರಲಿ ಎಂದು ನಿಂತರು. ಆಗ ಹಿಂದಿನಿಂದ ಹಾರ್ನ್ ಕೇಳಿಸಿತು. ಡ್ರೈವರನ ತಪ್ಪೇನಿರಲಿಲ್ಲ, ಪಕ್ಕದ ಸೀಟಿನಲ್ಲಿ ಕೂತವರು “ಹೊಡಿ, ಹೊಡಿ” ಎನ್ನುತ್ತಿದ್ದರು. ಲೀಲಮ್ಮ ದಡಬಡಿಸಿ ಓಡಿ ಬಂದು ಕಾರು ಹತ್ತಿದರು. ಸ್ವಲ್ಪ ದೂರ ಹೋದ ಮೇಲೆ ನೋಡಿಕೊಂಡರೆ ಕೈಯಲ್ಲಿ ಒಂದೇ ಚಪ್ಪಲಿ.

“ಇನ್ನೊಂದು ಅಲ್ಲೇ ಉಳೀತು ರೀ.”

“ವಾಪಸ್ ಹೋದ್ರೆ ಟೈಮ್ ಮೀರುತ್ತೆ ಲೀಲಾ. ದಿಲ್ಲಿಗೆ ಹೋದ ಮೇಲೆ ಕರೋಲ್ ಬಾಗಲ್ಲಿ ಒಳ್ಳೇದು ಕೊಡಿಸ್ತೀನಿ.”

ಕೊಡಿಸಿದರು ಕೂಡ, ಒಂದಲ್ಲ, ಎರಡು ಜೊತೆ. ಆದರೆ ಆ ದಿನ ಉಳಿದ ಪಾಯಿಂಟುಗಳನ್ನು ಲೀಲಮ್ಮ ಬರಿಗಾಲಲ್ಲಿ ನೋಡಿದರು.

*

ಗಂಡಸರು ಹೊರಟುಹೋದ ಮೇಲೆ ಮನೆ ತೊಳೆದದ್ದಾಯಿತು, ತಲೆಗೆ ನೀರು ಹಾಕಿಕೊಂಡದ್ದಾಯಿತು. ಕೆಳಗಿನ ಮಹಡಿಯ ದೇವಕಿ ತಮ್ಮ ಮನೆಯಿಂದ ಕಾಫಿ ತಂದಿಟ್ಟು, ಕುಡಿಯಿರಿ ಎಂದು ಹೇಳುವುದೋ ಬೇಡವೋ ತಿಳಿಯದೆ ಲೋಟದ ಮೇಲೆ ತಟ್ಟೆ ಮುಚ್ಚಿದರು. ಒದ್ದೆ ನೆಲದ ಮೇಲೆ ಅನನ್ಯಾ ಅತ್ತಿಂದಿತ್ತ ನಡೆಯುತ್ತಿದ್ದಳು.

ಆಗ ಮಲಗುವ ಕೋಣೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಬಾಗಿಲ ಹಿಂದೆ ತೂಗುಹಾಕಿದ ಗಂಡನ ಅಂಗಿಯ ಜೇಬಿನಲ್ಲಿತ್ತು. ಅಂಗಿ ಸಣ್ಣಗೆ ನಡುಗುತ್ತಿತ್ತು. ಲೀಲಮ್ಮ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ನಿಂತು, ಮತ್ತೆ ಹೊಡೆದುಕೊಂಡಿತು. ತೆಗೆದು ಕಿವಿಗಿಟ್ಟರು.

“ನಮಸ್ತೇ ಸರ್‌ಜೀ, ಪೋರ್ಟ್ ಬ್ಲೇರಿಂದ ಬೆನೆಡಿಕ್ಟ್ ಕುಜೂರ್. ನಿನ್ನೆಯಿಂದ ಫೋನ್ ಮಾಡ್ತಿದ್ದೀನಿ.” ಮಾತು ಹಿಂದಿಯಲ್ಲಿತ್ತು, ಆದರೆ ದಿಲ್ಲಿಯ ಹಿಂದಿಯಲ್ಲ, ಯಾವ ಆತುರವೂ ಇಲ್ಲದ್ದು.

“ನಾನು ಅವರ ಮನೆಯವರು,” ಎಂದರು ಲೀಲಮ್ಮ, ತಮ್ಮ ತರಕಾರಿ ಮಂಡಿಯ ಹಿಂದಿಯಲ್ಲಿ.

“ಅಚ್ಛಾ, ಮೇಡಂ ನೀವೇನಾ? ಹಾಗಾದ್ರೆ ನಿಮ್ಮನ್ನೇ ಕೇಳ್ತೀನಿ. ಮುಂದಿನ ತಿಂಗಳು ನೀವಿಬ್ಬರೂ ಇಲ್ಲಿಗೆ ಬಂದಾಗ ಗಾಡಿ ನಂದೇ. ಬೆಳಗ್ಗೆ ಎಷ್ಟು ಹೊತ್ತಿಗೆ ಬರಲಿ ಅಂತ ಸರ್‌ನ ಕೇಳಿದ್ರೆ, ‘ಮೇಡಂ ಎದ್ದು ಕಾಫಿ ಕುಡಿದ ಮೇಲೆ ಬಾ’ ಅಂತಾರೆ. ಎಲ್ಲಿಗೆ ಹೋಗೋದು ಅಂದ್ರೆ, ‘ಮೇಡಂ ಹೇಳಿದ ಕಡೆ’ ಅಂತಾರೆ. ಎಲ್ಲಿವರೆಗೆ ಅಂದ್ರೆ, ‘ಮೇಡಂ ಸಾಕು ಅನ್ನೋವರೆಗೆ.’ ಇಂಥ ಪಾರ್ಟಿ ನಾನು ನೋಡೇ ಇಲ್ಲ.”

ಲೀಲಮ್ಮ ಮಂಚದ ಅಂಚಿನಲ್ಲಿ ಕೂತರು.

“ಹಾರ್ನ್ ಹೊಡೀಬಾರದು ಅಂತ ಎರಡು ಸಲ ಹೇಳಿದ್ದಾರೆ. ಇನ್ನೂ ಒಂದಿದೆ ಮೇಡಂ, ಅದನ್ನ ನಿಮಗೆ ಹೇಳಬೇಡ ಅಂದಿದ್ರು.” ಅವನು ಮೆಲ್ಲಗೆ ನಕ್ಕ. “ಗಾಡಿ ಹತ್ತಿದ ತಕ್ಷಣ ಸರ್ ತಮ್ಮ ವಾಚ್ ಬಿಚ್ಚಿ ನನ್ನ ಕೈಗೆ ಕೊಡ್ತಾರಂತೆ. ನಾನು ಅದನ್ನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿಟ್ಟು ಬೀಗ ಹಾಕಬೇಕಂತೆ. ಸಂಜೆ ಹೋಟೆಲಿಗೆ ಬರೋವರೆಗೆ ಬೈದ್ರೂ ಕೊಡಬಾರದಂತೆ. ‘ನಾನು ಖಂಡಿತ ಬೈತೀನಿ, ಕೊಡಬೇಡ’ ಅಂತ ನನ್ನ ಬಾಯಲ್ಲಿ ಮತ್ತೆ ಹೇಳಿಸಿದ್ರು. ಹಲೋ? ಮೇಡಂ?”

“ಕೇಳ್ತಿದ್ದೀನಿ.”

“ಆ ದಿನಕ್ಕೆ ಇನ್ನೊಬ್ಬರು ಕೇಳ್ತಿದ್ದಾರೆ. ಅವರಿಗೆ ಇವತ್ತೇ ಜವಾಬು ಕೊಡಬೇಕು. ಸರ್ ಕಡೆಯಿಂದ ಪಕ್ಕಾ ತಾನೇ? ಸರ್‌ಗೆ ಫೋನ್ ಕೊಡ್ತೀರಾ?”

ತೀರಿಕೊಂಡರು ಎನ್ನುವುದಕ್ಕೆ ಹಿಂದಿಯಲ್ಲಿ ಏನೆನ್ನುತ್ತಾರೆಂಬುದು ಲೀಲಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ಮನೆಗಳ ಬಾಗಿಲಲ್ಲಿ ನಿಂತು ಆಡಿದ ಮಾತೇ.

“ಸಾಬ್ ಹೊರಗೆ ಹೋಗಿದ್ದಾರೆ,” ಎಂದರು.

“ಪರವಾಗಿಲ್ಲ, ಬಂದ ಮೇಲೆ ಕೇಳಿ ಇಟ್ಟಿರಿ. ಮಧ್ಯಾಹ್ನ ನಾನೇ ಮಾಡ್ತೀನಿ.”

*

ಟಿಕೆಟ್ ತೆಗೆದಿದ್ದೇನೆ ಎಂದು ಅವರು ಹೇಳಿದ್ದು ತಿಂಗಳ ಹಿಂದೆ, ಲೀಲಮ್ಮ ಕೊತ್ತಂಬರಿ ಬಿಡಿಸುತ್ತಿದ್ದಾಗ.

“ಅಂಡಮಾನಿಗಾ? ನೋಡಿದ್ದಾಗಿದೆಯಲ್ಲ.”

“ಇನ್ನೊಂದು ಸಲ ನೋಡೋಣ ಅಂತ.”

“ಇನ್ನೊಂದು ಚಪ್ಪಲಿ ಬಿಟ್ಟು ಬರೋಕಾ?”

ಅಶ್ವತ್ಥನಾರಾಯಣರು ನಗಲಿಲ್ಲ. “ಈ ಸಲ ಹಾಗಲ್ಲ,” ಎಂದರು.

“ಮತ್ತೆ ಹೇಗೆ?”

“ಅಲ್ಲಿಗೆ ಹೋದ ಮೇಲೆ ಗೊತ್ತಾಗುತ್ತೆ.”

“ನಾನಂತೂ ಬರಲ್ಲಪ್ಪ. ನೀವೇ ಹೋಗಿ ಬನ್ನಿ, ಪಾಯಿಂಟ್ ಎಲ್ಲ ಮುಗಿಸ್ಕೊಂಡು.”

ಆಮೇಲೆ ಅವರು ವಿಚಿತ್ರವಾಗಿ ಆಡತೊಡಗಿದರು. ಸಂಜೆ ಪಾರ್ಕಿಗೆ ಹೋಗುವಾಗ ವಾಚನ್ನು ಟಿವಿಯ ಮೇಲೆ ಬಿಟ್ಟು ಹೋಗುವರು. ಬೆಂಚಿನಲ್ಲಿ ಕೂತು ಬರಿಯ ಮಣಿಕಟ್ಟನ್ನು ನೋಡಿಕೊಳ್ಳುವರು. ಚಡಪಡಿಸಿ ಎದ್ದು ಬಂದುಬಿಡುವರು. “ಇವತ್ತು ನಿನ್ನೆಗಿಂತ ಜಾಸ್ತಿ ಹೊತ್ತು ಕೂತಿದ್ದೆ,” ಎಂದು ಒಂದು ದಿನ ಹೆಮ್ಮೆಯಿಂದ ಹೇಳಿದಾಗ, “ವಾಚಿಲ್ಲದೆ ಅದು ಹೇಗೆ ಗೊತ್ತಾಯ್ತು?” ಎಂದು ಲೀಲಮ್ಮ ಕೆಣಕಿದ್ದರು. ಎರಡು ದಿನಕ್ಕೊಮ್ಮೆ ಅದೇ ಪ್ರಶ್ನೆ: “ಬರ್ತೀಯ ತಾನೇ?” ಇವರದ್ದೂ ಅದೇ ಉತ್ತರ.

ನಿನ್ನೆ, ಆಸ್ಪತ್ರೆಗೆ ಹೋಗುವ ಟ್ಯಾಕ್ಸಿಯಲ್ಲಿ, ಎದೆಯ ಮೇಲೆ ಕೈಯಿಟ್ಟುಕೊಂಡು ಮತ್ತೆ ಕೇಳಿದರು. “ಬರ್ತೀಯ ತಾನೇ?”

“ಮಾತಾಡಬೇಡಿ ಸುಮ್ಮನಿರಿ,” ಎಂದಿದ್ದರು ಲೀಲಮ್ಮ.

*

ಬಿಸಿಲು ನೆತ್ತಿಗೇರಿದ ಮೇಲೆ ಗಂಡಸರು ಹಿಂದಿರುಗಿದರು. ಬಾಗಿಲಲ್ಲಿ ಇಟ್ಟಿದ್ದ ನೀರಿನಲ್ಲಿ ಕಾಲು ತೊಳೆದು, ಒಬ್ಬೊಬ್ಬರಾಗಿ ದೀಪ ನೋಡಿ ಕೂತರು. ಅಶ್ವತ್ಥನಾರಾಯಣರು ಮಲಗಿದ್ದ ಜಾಗದಲ್ಲಿ ಈಗ ಆ ದೀಪ ಉರಿಯುತ್ತಿತ್ತು. ದಿಲೀಪ ಮಾತ್ರ ಕೂರಲಿಲ್ಲ.

“ಎಲ್ಲ ಟೈಮಿಗೆ ಸರಿಯಾಗಿ ಆಯ್ತು ಅಮ್ಮ,” ಎಂದ. ಏನು ಮಾಡಬೇಕೆಂದು ತೋಚದೆ ಮತ್ತೆ ವಾಚು ನೋಡಿಕೊಂಡ.

ಲೀಲಮ್ಮ ಕೈ ಚಾಚಿದರು. “ಅದನ್ನ ಕೊಡಪ್ಪ.”

ಅವನು ಬಿಚ್ಚಿ ಕೊಟ್ಟ. ಅವರು ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು. ಗಂಟು ಇನ್ನೂ ಬಿಗಿಯುತ್ತಿದ್ದಂತೆಯೇ ಅವರ ಮಡಿಲಲ್ಲಿದ್ದ ಫೋನು ಹೊಡೆದುಕೊಂಡಿತು.

“ಅಪ್ಪನ ಫೋನಿಗೆ ಯಾರು ಈಗ?”

“ಅಂಡಮಾನಿನ ಡ್ರೈವರು.”

“ಓಹ್, ಆ ಟ್ರಿಪ್.” ದಿಲೀಪ ಕಣ್ಣು ಒರೆಸಿಕೊಂಡ. “ನನಗೆ ಮರೆತೇಹೋಗಿತ್ತು. ಟಿಕೆಟ್, ಹೋಟೆಲ್, ಎಲ್ಲ ಕ್ಯಾನ್ಸಲ್ ಮಾಡಬೇಕು. ಕೊಡಮ್ಮ, ನಾನು ಮಾತಾಡ್ತೀನಿ.”

“ಇವತ್ತು ಜವಾಬು ಹೇಳಬೇಕಂತೆ.”

“ಅದನ್ನೇ ಹೇಳ್ತೀನಿ, ಬರಲ್ಲ ಅಂತ.”

“ನಾನು ಹೋಗ್ತೀನಿ.”

ದೇವಕಿ ಥಟ್ಟನೆ ತಲೆಯೆತ್ತಿದರು. “ಲೀಲಮ್ಮ, ಏನಂತಿದ್ದೀರಿ? ವರ್ಷ ತುಂಬಲಿ. ಮುಂದಿನ ತಿಂಗಳೇ ವಿಮಾನ ಹತ್ತಿದ್ರೆ ಊರಿನವರು ನಾಲ್ಕು ಮಾತು ಆಡದೆ ಬಿಡ್ತಾರಾ?”

“ಆಡಲಿ ದೇವಕಿ.”

“ಅಮ್ಮ, ಪ್ಲೀಸ್. ಅಲ್ಲಿ ಒಬ್ಬಳೇ ಏನ್ ಮಾಡ್ತೀಯ? ಏನ್ ನೋಡ್ತೀಯ?”

“ಏನೂ ನೋಡಲ್ಲ. ನೀರಲ್ಲಿ ನಿಂತಿರ್ತೀನಿ.”

“ಪಪ್ಪಾ, ನಾನು ಹೋಗ್ತೀನಿ ಅಜ್ಜಿ ಜೊತೆ,” ಎಂದಳು ಅನನ್ಯಾ. “ಅಜ್ಜನ ಟಿಕೆಟ್ ಅಲ್ಲ, ಐ ಮೀನ್, ಬೇರೆ ತಗೊಂಡು.”

“ತೂ ಚುಪ್ ರಹ್ ಬೇಟಾ.”

ಮಹಂತೇಶ್ ಮೂಲೆಯಿಂದ ಮಾತಾಡಿದರು. “ದಿಲೀಪ, ನಿಮ್ಮಪ್ಪ ನನ್ನ ಜೋಡಿ ಪೈಜ ಕಟ್ಟಿದ್ದಪಾ. ಒಂದಿನಾ ಪೂರ್ತಿ ವಾಚ್ ಇಲ್ಲದ ಇರ್ತೀನಿ ನೋಡು, ಅಂತ. ನಿನ್ನ ಕೈಲಿ ಆಗಂಗಿಲ್ಲೋ ಅಂದಿದ್ದೆ ನಾನು.” ಮುಂದೆ ಏನೋ ಹೇಳಲು ಹೋದವರು ಹೆಗಲ ಮೇಲಿನ ಟವೆಲ್ಲಿಗೆ ಮುಖ ಒತ್ತಿಕೊಂಡರು.

ಫೋನು ನಿಂತಿತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಮತ್ತೆ ಹೊಡೆದುಕೊಂಡಿತು.

ದಿಲೀಪ ತಾಯಿಯ ಮುಂದೆ ಮಂಡಿಯೂರಿ ಕೂತ. ಬೆಳಗಿನಿಂದ ಅವನು ಕೂತದ್ದು ಅದೇ ಮೊದಲು. “ಅಮ್ಮ, ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ. ನಿನಗೆ ಇನ್ನೂ ಶಾಕ್ ಇದೆ. ಆಮೇಲೆ ಯಾವಾಗಲಾದ್ರೂ ನಾನೇ ಕರ್ಕೊಂಡು ಹೋಗ್ತೀನಿ, ಪಕ್ಕಾ. ಪ್ಲಾನ್ ಮಾಡಿ, ಎಲ್ಲ ಪಾಯಿಂಟ್ಸ್ ಆರಾಮಾಗಿ ತೋರಿಸ್ತೀನಿ. ಈಗ ಫೋನ್ ಕೊಡು.”

“ಕೊಡಲ್ಲ,” ಎಂದರು ಲೀಲಮ್ಮ.

ಫೋನನ್ನು ಕಿವಿಗಿಟ್ಟುಕೊಂಡು ಅವರು ಎದ್ದರು. ಏಳುವಾಗ ಸೆರಗಿನ ತುದಿಯ ಗಂಟು ಹೊರಳಿ ಹೆಗಲ ಹಿಂದಕ್ಕೆ ಹೋಯಿತು. ಅಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ, ವಾಚು ತನ್ನ ಪಾಡಿಗೆ ಓಡುತ್ತಿತ್ತು.